ಮಂಜುಗಡ್ಡೆಯ ಹಾಕಿಯೂ ನಮ್ಮ ಮನೆಯ ಹುಡುಗರೂ

ಕಲಬುರಗಿಯಲ್ಲಿ ಸಂಸಾರ ಹೂಡಿದವರಿಗೆ ಮಂಜುಗಡ್ಡೆಯೆಂದರೆ ಬೇಸಗೆಯ ಒಂದು ಉಪಚಾರದ ವಸ್ತು. ವೈಶಾಖದ ಮಧ್ಯಾಹ್ನ ಉಷ್ಣತೆಯು ೪೦ ಅಂಶಗಳನ್ನು ದಾಟಿ ನಿಂತಾಗ, ಬೀದಿಯಲ್ಲಿ ಬರ್ಫದ ಗಾಡಿಯ ಗಂಟೆ ಕೇಳಿಸಿದರೆ ಮಕ್ಕಳಷ್ಟೇ ಅಲ್ಲ, ಹಿರಿಯರೂ ಬಾಗಿಲಿಗೆ ಬರುವರು. ಪಾನಕದ ಲೋಟದಲ್ಲಿ ಹಾಕಿದ ತುಂಡು ಕರಗುವ ಮೊದಲೇ ಕುಡಿದು ಮುಗಿಸಬೇಕೆಂಬ ಅವಸರವನ್ನು ನಾವೆಲ್ಲರೂ ಬಲ್ಲೆವು. ಇಂಥ ಊರಿನಲ್ಲಿ ಕುಳಿತು, ಮಂಜುಗಡ್ಡೆಯನ್ನೇ ಅಂಗಳವಾಗಿ ಹಾಸಿ ಅದರ ಮೇಲೆ ಆಡುವ ಒಂದು ಆಟದ ವಿಷಯವಾಗಿ ವಾಚಕರಿಗೆ ನಾಲ್ಕು ಮಾತು ಹೇಳಹೊರಟರೆ ಕೆಲವರಿಗಾದರೂ ನಗು ಬಂದೀತು. ಆದರೆ ಈ ಆಟದ ಮಾತು ನಮ್ಮ ಬಳಿಗೆ ಬಂದದ್ದು ಒಂದು ಸಂಸಾರದ ತಾಪತ್ರಯದ ಮೂಲಕ. ಆದಕಾರಣ ಮೊದಲು ಆ ಸಂಗತಿಯನ್ನೇ ಹೇಳುವೆವು.

ನಮ್ಮ ಸ್ನೇಹಿತರೊಬ್ಬರು ಕಮಲಾಪುರದಲ್ಲಿರುವರು. ಕಲಬುರಗಿಯಿಂದ ಹುಮನಾಬಾದಿನ ದಾರಿ ಹಿಡಿದು ಹೊರಟರೆ ಮೋಟಾರಿನಲ್ಲಿ ಸುಮಾರು ಒಂದು ತಾಸಿಗೆ ಮುಟ್ಟುವ ಊರು ಅದು. ಬಹುಕಾಲ ಕಲಬುರಗಿ ತಾಲೂಕಿಗೆ ಸೇರಿದ್ದು, ಈಗ ಕೆಲವು ವರ್ಷಗಳಿಂದ ತಾನೇ ಒಂದು ತಾಲೂಕಿನ ಮುಖ್ಯ ಸ್ಥಳವಾಗಿದೆ. ಅಲ್ಲಿಯ ಕೆಂಪು ಬಾಳೆಯ ಹಣ್ಣನ್ನು ತಿನ್ನದವರು ನಮ್ಮ ಸೀಮೆಯಲ್ಲಿ ವಿರಳ. ಆ ಹಣ್ಣಿಗೆ ಊರಿನ ಹೆಸರಿನಿಂದಲೇ ಸರಕಾರದ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿದೆ. ಸಾಧಾರಣ ಬಾಳೆಯು ವರ್ಷದೊಳಗೆ ಗೊನೆ ಕೊಟ್ಟರೆ ಈ ಕೆಂಪು ಜಾತಿಯು ಒಂದೂವರೆ ವರ್ಷದಷ್ಟು ಕಾಲ ಬೇಡುವದು. ನೀರು ಹಾಯಿಸಿ, ಗೊಬ್ಬರವಿಕ್ಕಿ, ಗಾಳಿಗೆ ಮುರಿಯದಂತೆ ಊರುಗೋಲು ಕೊಟ್ಟು ಕಾಯಬೇಕಲ್ಲದೆ ಇಲ್ಲಿ ಅವಸರದ ಆಟ ನಡೆಯದು. ನಮ್ಮ ಸ್ನೇಹಿತರು ಇಂಥ ತೋಟವನ್ನು ಮಾಡಿದವರು. ಅವರ ತಾಳ್ಮೆಯನ್ನು ಊರಿನವರು ಹೊಗಳುವರು. ಆದರೆ ತೋಟದಲ್ಲಿರುವ ತಾಳ್ಮೆಯು ಮನೆಯ ಹೊಸ್ತಿಲು ದಾಟಿ ಒಳಗೆ ಬರುವದು ಎಲ್ಲ ತಂದೆಗಳಿಗೂ ಸುಲಭವಲ್ಲ.

ಒಂದು ದೀಪಾವಳಿಯ ಪಾಡ್ಯದ ದಿವಸ ನಾವು ಅವರಲ್ಲಿಗೆ ಹೋಗಿದ್ದೆವು. ಊಟವಾಗಿ, ಎಲೆ ಅಡಿಕೆ ಹಾಕಿಕೊಂಡು ಪಡಸಾಲೆಯಲ್ಲಿ ಕುಳಿತಾಗ ಅವರು ತಮ್ಮ ಸಂಕಟವನ್ನು ತೋಡಿಕೊಂಡರು. ಅವರ ಕಿರಿಯ ಮಗನು ಕಲಬುರಗಿಯ ಒಂದು ಕಾಲೇಜಿನಲ್ಲಿ ಎರಡನೆಯ ವರ್ಷದಲ್ಲಿ ಓದುತ್ತಿದ್ದನು. ಕಾಲೇಜಿನ ಹಾಕಿ ತಂಡದಲ್ಲಿ ಅವನ ಹೆಸರಿತ್ತು. ದಿನಾಲು ಬೆಳಿಗ್ಗೆ ಎರಡು ತಾಸು ಅಭ್ಯಾಸ, ನಡುನಡುವೆ ಪರಸ್ಥಳದ ಪಂದ್ಯ, ಬೂಟು ಕೋಲುಗಳ ಖರ್ಚು. ಇದೆಲ್ಲದರ ಮೇಲೆ ಅಂತರ ಕಾಲೇಜು ಪಂದ್ಯಗಳು ಬರುವದು ಫೆಬ್ರುವರಿಯಲ್ಲಿ, ಪರೀಕ್ಷೆಯು ಬಾಗಿಲಿಗೆ ಬಂದಿರುವಾಗ.

“ಆಡ್ಲಿಕ್ಕಾದ್ರೂ ಹೋಗ್ತಾನಂದ್ರ ಬ್ಯಾರೆ ಮಾತು ಅಣ್ಣಾರ, ಇಂವ ಹೋಗೋದು ಕುಂದರ್ಲಿಕ್ಕ. ಮೂರು ಮ್ಯಾಚಿನ್ಯಾಗ ಎಲ್ಲಾ ಕೂಡಿ ಹತ್ತು ಮಿನಿಟು ಆಡ್ಯಾನಂತ. ಉಳಿದ ಹೊತ್ತೆಲ್ಲಾ ಬಾಜೂಕ ಬೆಂಚಿನ ಮ್ಯಾಲ ಕುಂತು ಬರ್ತಾನ. ಇದಕ್ಕ ನಾ ಫೀ ತುಂಬಬೇಕೇನ್ರಿ? ಬಿಟ್ಟು ಬಿಡಂತ ನೀವಾದ್ರೂ ಒಂದು ಮಾತು ಹೇಳ್ರಿ,” ಎಂದರು.

ಹುಡುಗನು ತಲೆ ತಗ್ಗಿಸಿ ಕುಳಿತಿದ್ದನು. ತಂದೆಯ ಮಾತಿಗೆ ಎದುರು ಮಾತು ಹೇಳುವ ಸ್ವಭಾವದವನಲ್ಲ. ಸ್ವಲ್ಪ ಹೊತ್ತು ಬಿಟ್ಟು ತನ್ನ ಮೊಬೈಲನ್ನು ನಮ್ಮ ಮುಂದೆ ಹಿಡಿದನು. ಅದರಲ್ಲಿ ಬೆಳ್ಳಗಿನ ಒಂದು ಅಂಗಳದ ಮೇಲೆ ದಪ್ಪ ಉಡುಪಿನ ತರುಣರು ಬಾಗಿದ ಕೋಲು ಹಿಡಿದು, ಮೀನು ನೀರಿನಲ್ಲಿ ಸರಿದಾಡುವ ಹಾಗೆ ಸರಿದಾಡುತ್ತಿದ್ದರು. ಬಾಗಿಲ ಬಳಿ ಬತ್ತಿ ಹೊಸೆಯುತ್ತ ಕುಳಿತಿದ್ದ ಅವನ ಅಜ್ಜಿಯೂ ಇಣಿಕಿ ನೋಡಿ, “ಯಪ್ಪಾ, ಇವರೇನು ಗಾಜಿನ ಮ್ಯಾಲ ಆಡ್ಲತ್ತಾರೇನೋ?” ಎಂದು ಕೇಳಿದರು.

“ಗಾಜಲ್ಲ ಆಯಿ, ಬರ್ಫ್.”

“ಅಷ್ಟು ಬರ್ಫ್ ಯಾರು ಕೊಡ್ತಾರಪ್ಪಾ ಅವರಿಗೆ!”

ಎಲ್ಲರೂ ನಕ್ಕೆವು. ಹುಡುಗನು ಮಾತ್ರ ನಗದೆ ಮೆಲ್ಲಗೆ, “ಕಾಕಾ, ಇದರಾಗ ನೋಡ್ರಿ, ಯಾರೂ ಒಂದು ಮಿನಿಟಿಗಿಂತ ಹೆಚ್ಚು ಆಡಂಗಿಲ್ಲ. ಎಷ್ಟು ದೊಡ್ಡ ಆಟಗಾರ ಇದ್ರೂ ಬಂದು ಬೆಂಚಿನ ಮ್ಯಾಲ ಕುಂದರ್ತಾನ, ಮತ್ತ ಹೋಗ್ತಾನ,” ಎಂದನು. ಅವನು ನಮಗೆ ಹೇಳಿದಂತೆ ತೋರಿದರೂ ಆ ಮಾತು ತಂದೆಗೇ ಸಲ್ಲುವದಾಗಿತ್ತು.

ಒಡನೆಯೇ ತೀರ್ಪು ಹೇಳುವ ಧೈರ್ಯ ನಮಗಾಗಲಿಲ್ಲ. ಒಂದು ವಾರದ ಅವಧಿ ಕೇಳಿಕೊಂಡು ಕಲಬುರಗಿಗೆ ಮರಳಿದೆವು. ಹುಡುಗನು ಸಾಕ್ಷಿಯಾಗಿ ಕರೆದ ಆ ಆಟವನ್ನು ತಿಳಿದುಕೊಂಡಲ್ಲದೆ ಉತ್ತರ ಕೊಡುವದು ನ್ಯಾಯವಲ್ಲವೆಂದು ತೋರಿತು. ಆಗ ತಿಳಿದುಕೊಂಡುದನ್ನು ಇಲ್ಲಿ ಸಂಕ್ಷೇಪವಾಗಿ ಬರೆಯುವೆವು.

ಚಳಿಗಾಲದಲ್ಲಿ ಕೆರೆಕುಂಟೆಗಳು ಹೆಪ್ಪುಗಟ್ಟುವ ಉತ್ತರದ ದೇಶಗಳಲ್ಲಿ ಜನರು ಕಾಲಿಗೆ ಉಕ್ಕಿನ ಅಲಗು ಕಟ್ಟಿಕೊಂಡು ಜಾರುವದು ಪುರಾತನ ವಿನೋದ. ಅದಕ್ಕೆ ಕೋಲನ್ನೂ ಗೋಲನ್ನೂ ಕೂಡಿಸಿ, ನಾಲ್ಕು ಗೋಡೆಗಳ ಒಳಗೆ ನಿಯಮಬದ್ಧವಾದ ಪಂದ್ಯವನ್ನಾಡಿದ್ದು ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ, ೧೮೭೫ನೆಯ ಇಸವಿ ಮಾರ್ಚಿ ೩ರಂದು. ಆಡಿದವರಲ್ಲಿ ಅಲ್ಲಿಯ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿದ್ದರು. ಎರಡು ವರ್ಷಗಳಲ್ಲಿಯೇ ಆ ವಿದ್ಯಾಲಯದಲ್ಲಿ ಈ ಆಟದ ಸಂಘವೂ ಸ್ಥಾಪಿತವಾಯಿತು. ಹೀಗಾಗಿ ಈ ಆಟವು ಹುಟ್ಟಿನಿಂದಲೇ ಓದುವ ಹುಡುಗರ ಆಟವಾಗಿದೆ.

ಇಂದು ಇದನ್ನು ಆಡುವ ಅಂಗಳವು ೨೦೦ ಅಡಿ ಉದ್ದ, ೮೫ ಅಡಿ ಅಗಲವಿರುವದು. ನೆಲದಡಿಯಲ್ಲಿ ಕೊಳವೆಗಳನ್ನು ಹಾಸಿ, ಅವುಗಳಲ್ಲಿ ಹೆಪ್ಪುಗಟ್ಟದ ಅತಿಶೀತಲ ದ್ರವವನ್ನು ಹರಿಯಿಸುವರು. ಮೇಲೆ ತೆಳ್ಳಗೆ ನೀರು ಸಿಂಪಡಿಸಿ, ಅದು ಗಡ್ಡೆಯಾದ ಬಳಿಕ ಮತ್ತೊಂದು ಪದರು, ಅದರ ಮೇಲೆ ಇನ್ನೊಂದು, ಹೀಗೆ ಸುಮಾರು ಒಂದು ಅಂಗುಲ ದಪ್ಪದ ಗಡ್ಡೆಯನ್ನು ಬೆಳೆಯಿಸುವರು. ಆಟದಲ್ಲಿ ಅಲಗುಗಳಿಂದ ಗೀರಿ ಒರಟಾದ ಅಂಗಳವನ್ನು ವಿರಾಮದ ಹೊತ್ತಿನಲ್ಲಿ ಒಂದು ಬಂಡಿಯು ಹೆರೆದು, ತೊಳೆದು, ಮೇಲೆ ಕಾದ ನೀರನ್ನು ಸವರುತ್ತ ಹೋಗುವದು. ಇಂಥ ಯಂತ್ರವನ್ನು ಫ್ರಾಂಕ್ ಜಾಂಬೋನಿ ಎಂಬವರು ೧೯೪೯ರಲ್ಲಿ ಕ್ಯಾಲಿಫೋರ್ನಿಯದಲ್ಲಿ ನಿರ್ಮಿಸಿದರು. ಗಡ್ಡೆಯ ಮೇಲೆ ಕಾದ ನೀರೇಕೆಂದು ಗೃಹಿಣಿಯರು ಕೇಳಬಹುದು. ಅದು ಮೇಲಿನ ಪದರನ್ನು ತುಸು ಕರಗಿಸಿ ಅದರೊಡನೆ ಬೆಸೆದುಕೊಂಡು ನುಣುಪಾಗಿ ಹೆಪ್ಪುಗಟ್ಟುವದು. ನಮ್ಮಲ್ಲಿ ಬೆಳಗಿನ ಜಾವ ಅಂಗಳವನ್ನು ಸಗಣಿಯಿಂದ ಸಾರಿಸಿ ಬಿರುಕು ಮುಚ್ಚುವ ಹಾಗೆಯೇ ಇದು ಅವರ ಸಾರಣೆ.

ಚೆಂಡಿನ ಬದಲು ಗಟ್ಟಿ ರಬ್ಬರಿನ ಕರಿಯ ಬಿಲ್ಲೆಯೊಂದುಂಟು. ಮೂರು ಅಂಗುಲ ಅಗಲ, ಒಂದು ಅಂಗುಲ ದಪ್ಪ, ಸುಮಾರು ೧೬೦ ಗ್ರಾಂ ತೂಕ. ಪುಟಿಯದಿರಲೆಂದು ಅದನ್ನು ಮೊದಲೇ ಶೀತದಲ್ಲಿಟ್ಟು ಹೆಪ್ಪುಗಟ್ಟಿಸುವರು. ಪಕ್ಷಕ್ಕೆ ಆರು ಮಂದಿ, ಅವರಲ್ಲಿ ಒಬ್ಬನು ಗೋಲಿನ ಕಾವಲುಗಾರ. ಇಪ್ಪತ್ತು ಮಿನಿಟುಗಳ ಮೂರು ಸರತಿಗಳಲ್ಲಿ ಆಟವು ಮುಗಿಯುವದು. ತಪ್ಪು ಮಾಡಿದವನನ್ನು ಎರಡು ಮಿನಿಟು ಹೊರಗಿನ ಕಟಕಟೆಯಲ್ಲಿ ಕೂಡ್ರಿಸುವರು. ಅಷ್ಟು ಹೊತ್ತು ಅವನ ಪಕ್ಷದವರು ಒಬ್ಬ ಕಡಿಮೆಯಾಗಿ ಹೋರಾಡಬೇಕು. ಒಬ್ಬನ ಸಿಟ್ಟಿನ ಸಾಲವನ್ನು ಉಳಿದವರು ತೀರಿಸಬೇಕೆಂಬ ಈ ನಿಯಮವು ಕೂಡು ಕುಟುಂಬದವರಿಗೆ ಹೊಸದೇನಲ್ಲ.

ಹುಡುಗನು ಹೇಳಿದ ಮಾತು ಸತ್ಯವಾಗಿತ್ತು. ಈ ಆಟದ ವೇಗವು ಎಷ್ಟೆಂದರೆ, ಬಲಿಷ್ಠನಾದವನೂ ಮುಕ್ಕಾಲು ಮಿನಿಟಿನಲ್ಲಿ ದಣಿಯುವನು. ಆದುದರಿಂದ ಗೋಲಿನ ಕಾವಲುಗಾರನೊಬ್ಬನನ್ನು ಬಿಟ್ಟು ಉಳಿದ ಐವರು ಸುಮಾರು ನಲ್ವತ್ತೈದು ಸೆಕೆಂಡುಗಳಿಗೊಮ್ಮೆ ಹೊರಗೆ ಬಂದು ಕುಳಿತುಕೊಳ್ಳುವರು. ಕುಳಿತವರು ಆಟವು ನಡೆದಿರುವಾಗಲೇ ಗೋಡೆ ಹಾರಿ ಒಳಗೆ ಹೋಗುವರು. ಕುಳಿತವನು ಕಣ್ಣೆವೆ ಮುಚ್ಚದೆ ಆಟವನ್ನು ಓದುತ್ತಿರಬೇಕು, ಇಲ್ಲವಾದರೆ ಒಳಗೆ ಹೋದ ಕ್ಷಣವೇ ಎಡವುವನು. ‘ನನ್ನನ್ನು ಬಿಟ್ಟರೆ ಆಟವಿಲ್ಲ’ ಎಂದು ಒಳಗೇ ನಿಂತವನು ತನ್ನ ಪಕ್ಷಕ್ಕೇ ಹಾನಿ ಮಾಡುವನು. ಬೆಂಚಿನ ಮೇಲೆ ಕೂಡ್ರುವದು ಅಲ್ಲಿ ಅವಮಾನವಲ್ಲ, ಆಟದ ಅರ್ಧ ಭಾಗ.

ಇನ್ನು ಅವರ ‘ಹಂಗಾಮಿ’ನ ವಿಷಯ. ನಮ್ಮ ಕಡೆಯ ಒಕ್ಕಲಿಗನಿಗೆ ಈ ಪದದ ಅರ್ಥವನ್ನು ಹೇಳಿಕೊಡಬೇಕಾಗಿಲ್ಲ. ಹೆಸರು ಎರಡೂವರೆ ತಿಂಗಳಲ್ಲಿ ಕೈಗೆ ಬರುವದು. ಆದರೆ ನಮ್ಮ ಸೀಮೆಗೆ ಹೆಸರು ತಂದ ತೊಗರಿಯು ಮುಂಗಾರಿಗೆ ಬಿತ್ತಿದರೆ ಎಳ್ಳಮಾವಾಸ್ಯೆಯ ಸುಮಾರಿಗೆ ರಾಶಿಗೆ ಬರುವದು. ಅದರಂತೆಯೇ ಅಮೇರಿಕೆಯ ಕಾಲೇಜುಗಳಲ್ಲಿ ಮಂಜುಗಡ್ಡೆಯ ಹಾಕಿಗೆ ಒಂದು ಹಂಗಾಮುಂಟು. ಶರತ್ಕಾಲದಲ್ಲಿ ಆರಂಭವಾಗಿ ವಸಂತದ ಮೊದಲಿಗೆ ಮುಗಿಯುವದು. ನಡುವೆ ಪಾಠ, ಪರೀಕ್ಷೆ, ಪ್ರಯಾಣ, ಪೆಟ್ಟು, ಸೋಲು ಎಲ್ಲವೂ ಬರುವವು. ಕೊನೆಯಲ್ಲಿ ಅಲ್ಲಿಯ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಸ್ಥೆಯವರು ಅಂತಿಮ ಪಂದ್ಯಾವಳಿಯನ್ನು ನಡೆಸುವರು. ಆ ಪದ್ಧತಿಯು ೧೯೪೮ರಲ್ಲಿ ನಾಲ್ಕು ತಂಡಗಳಿಂದ ಆರಂಭವಾಯಿತು. ಮೊದಲನೆಯ ವರ್ಷ ಮಿಶಿಗನ್ ವಿಶ್ವವಿದ್ಯಾಲಯದವರು ಗೆದ್ದರು.

ಇಂಥ ಹಂಗಾಮುಗಳಲ್ಲಿ ಒಂದರ ಕಥೆಯನ್ನು ಕೇಳಿರಿ. ನ್ಯೂಯಾರ್ಕ್ ರಾಜ್ಯದ ಇಥಾಕಾ ಎಂಬ ಊರಿನಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯವಿದೆ. ಅದು ಸೇರಿದ ಕೂಟದ ವಿದ್ಯಾಲಯಗಳಲ್ಲಿ ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡುವ ವಾಡಿಕೆಯಿಲ್ಲ. ಓದಿನಲ್ಲಿ ಯೋಗ್ಯನಾದವನಿಗೇ ಪ್ರವೇಶ. ಅಲ್ಲಿ ನೆಡ್ ಹಾರ್ಕ್‌ನೆಸ್ ಎಂಬವರು ತರಬೇತಿಯ ಗುರುಗಳಾಗಿದ್ದರು. ಅವರ ತಂಡವು ೧೯೬೭ರಲ್ಲಿ ರಾಷ್ಟ್ರೀಯ ಪ್ರಶಸ್ತಿಯನ್ನು ಪಡೆಯಿತು. ಆಗ ಗೋಲಿನ ಕಾವಲಿಗೆ ನಿಂತವರು ಕೆನ್ ಡ್ರೈಡನ್. ಆರು ಅಡಿ ನಾಲ್ಕು ಅಂಗುಲದ ಆಳು, ಇತಿಹಾಸದ ವಿದ್ಯಾರ್ಥಿ. ಕಾರ್ನೆಲ್ಲಿನಲ್ಲಿ ಮೂರು ಹಂಗಾಮುಗಳಲ್ಲಿ ಅವರು ಕಾವಲು ನಿಂತ ಪಂದ್ಯಗಳ ಲೆಕ್ಕ ಹೀಗಿದೆ: ೭೬ ಗೆಲುವು, ೪ ಸೋಲು, ೧ ಸಮ. ಆದರೆ ಆ ನಾಲ್ಕರಲ್ಲಿ ಒಂದು ಸೋಲು ೧೯೬೯ರ ರಾಷ್ಟ್ರೀಯ ಅಂತಿಮ ಪಂದ್ಯದಲ್ಲಿಯೇ ಬಂದಿತು. ಡೆನ್ವರ್ ತಂಡದವರು ೪–೩ ಗೋಲುಗಳಿಂದ ಗೆದ್ದರು. ಆ ವರ್ಷವೇ ಡ್ರೈಡನ್ನರು ಪದವಿ ಪಡೆದು ಹೊರಟುಹೋದರು.

ಮನೆಯ ಕಂಬವೇ ಹೋದಂತಾಯಿತೆಂದು ಜನರು ತಿಳಿದಿದ್ದರೆ ಆಶ್ಚರ್ಯವಲ್ಲ. ಅವರ ಜಾಗದಲ್ಲಿ ನಿಂತವನು ಬ್ರಯನ್ ಕ್ರಾಪರ್ ಎಂಬ ಗಿಡ್ಡ, ಹಗುರ ಮೈಕಟ್ಟಿನ ತರುಣ. ಡ್ರೈಡನ್ನರಂಥವರು ನಿಂತಿರುವವರೆಗೆ ಬೇರೊಬ್ಬನಿಗೆ ಆ ಗೋಲಿನ ಬಾಯಿ ದೊರೆಯುವ ಸಂಭವ ಎಷ್ಟಿದ್ದೀತೆಂಬುದನ್ನು ವಾಚಕರೇ ಊಹಿಸಬಹುದು. ಆದರೆ ಮುಂದಿನ ೧೯೬೯–೭೦ರ ಹಂಗಾಮಿನಲ್ಲಿ ನಡೆದದ್ದು ಇದು: ೨೯ ಪಂದ್ಯ, ೨೯ ಗೆಲುವು. ಸೋಲಿಲ್ಲ, ಸಮವೂ ಇಲ್ಲ. ಸಂಖ್ಯೆಯನ್ನು ಕೇಳಿದರೆ ಎಲ್ಲವೂ ಸಲೀಸಾಗಿ ನಡೆಯಿತೆಂದು ತೋರುವದು, ಹಾಗಲ್ಲ. ಲೇಕ್ ಪ್ಲಾಸಿಡ್ ಎಂಬ ಪರ್ವತದ ಊರಿನಲ್ಲಿ ನಡೆದ ಅಂತಿಮ ಪಂದ್ಯಾವಳಿಯಲ್ಲಿ ವಿಸ್ಕಾನ್ಸಿನ್ ತಂಡವನ್ನು ಅವರು ಗೆದ್ದದ್ದು ೨–೧ ಗೋಲುಗಳಿಂದ, ಕೂದಲೆಳೆಯಷ್ಟು ಅಂತರದಲ್ಲಿ. ೧೯೭೦ರ ಮಾರ್ಚಿಯಲ್ಲಿ ಕ್ಲಾರ್ಕ್‌ಸನ್ ತಂಡದ ಮೇಲಿನ ಕೊನೆಯ ಪಂದ್ಯದಲ್ಲಿ, ಹಿಂಗಾವಲಿನವನಾದ ಡ್ಯಾನ್ ಲೊಡ್ಬೋವಾ ಎಂಬವನು ಮೂರನೆಯ ಸರತಿಯಲ್ಲಿ ಮೂರು ಗೋಲು ಹೊಡೆದಾಗಲೇ ೬–೪ರ ಜಯವು ದೊರೆಯಿತು. ಪುರುಷರ ಮೊದಲನೆಯ ದರ್ಜೆಯ ಪಂದ್ಯಾವಳಿಯಲ್ಲಿ ರಾಷ್ಟ್ರೀಯ ಪ್ರಶಸ್ತಿ ಪಡೆದ ಬೇರೆ ಯಾವ ತಂಡವೂ ಒಂದು ಸೋಲನ್ನಾಗಲಿ ಒಂದು ಸಮವನ್ನಾಗಲಿ ಕಾಣದೆ ಇಂಥ ಹಂಗಾಮನ್ನು ಈವರೆಗೆ ಮುಗಿಸಿಲ್ಲ.

ಈ ಕಥೆಯಲ್ಲಿ ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ೨೯ ಎಂಬ ಅಂಕಿಯಲ್ಲ. ಹಿಂದಿನ ವರ್ಷದ ಕೊನೆಯ ದಿನ ಸೋತು ಮನೆಗೆ ಬಂದ ಹುಡುಗರು ಮರಳಿ ಅದೇ ಅಂಗಳಕ್ಕೆ ಹೋದರಲ್ಲ, ಅದು. ಸೋಲಿನ ವರ್ಷವನ್ನು ಅವರು ಪೂರ್ತಿಯಾಗಿ ಉಂಡಿದ್ದರಿಂದಲೇ ಗೆಲುವಿನ ವರ್ಷವು ಅವರಿಗೆ ಪಚನವಾಯಿತೆಂದು ನಮಗೆ ತೋರುವದು.

‘ಆಟ ಆಡಿದರೆ ಓದು ಹಾಳು’ ಎಂಬ ಭೀತಿಗೆ ಉತ್ತರವಾಗಿ ಡ್ರೈಡನ್ನರ ಮುಂದಿನ ಬಾಳನ್ನು ನೋಡಬಹುದು. ಅವರು ಮಾಂಟ್ರಿಯಲ್ಲಿನ ವೃತ್ತಿಪರ ತಂಡಕ್ಕೆ ಕಾವಲು ನಿಲ್ಲುತ್ತಲೇ, ೧೮೭೫ರ ಆ ಹುಡುಗರು ಓದಿದ ಮ್ಯಾಕ್‌ಗಿಲ್ಲಿನಲ್ಲಿ ಕಾನೂನು ಓದಿ ೧೯೭೩ರಲ್ಲಿ ಪದವಿ ಪಡೆದರು. ಮುಂದಿನ ಹಂಗಾಮನ್ನು ಪೂರ್ತಿಯಾಗಿ ಬಿಟ್ಟು ವಕೀಲರ ಕಚೇರಿಯಲ್ಲಿ ಉಮೇದುವಾರಿ ಮಾಡಿದರು. ೧೯೭೧ರಿಂದ ೧೯೭೯ರ ವರೆಗೆ ಆ ದೇಶದ ಅತ್ಯುಚ್ಚ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ಪನ್ನು ಆರು ಸಲ ಗೆದ್ದ ತಂಡದಲ್ಲಿದ್ದರು. ಆಮೇಲೆ ಗ್ರಂಥಕರ್ತರಾದರು, ಪಾರ್ಲಿಮೆಂಟಿನ ಸದಸ್ಯರಾದರು, ೨೦೦೪ರಲ್ಲಿ ಕೆನಡಾ ದೇಶದ ಮಂತ್ರಿಗಳೂ ಆದರು. ೨೦೨೫ರಲ್ಲಿ ದಿವಂಗತರಾದರು. ಎಲ್ಲರೂ ಡ್ರೈಡನ್ನರಾಗುವದಿಲ್ಲವೆಂಬುದನ್ನು ನಾವು ಬಲ್ಲೆವು. ಸಾವಿರಕ್ಕೊಬ್ಬರ ಭಾಗ್ಯವನ್ನು ತೋರಿಸಿ ಉಳಿದವರನ್ನು ಮರುಳುಗೊಳಿಸುವದು ಸರಿಯಲ್ಲ. ಆದರೆ ಓದೂ ಆಟವೂ ಹುಟ್ಟಾ ವೈರಿಗಳೆಂಬ ಮಾತು ಸುಳ್ಳೆಂದು ಹೇಳಲು ಒಬ್ಬರ ಉದಾಹರಣೆಯೇ ಸಾಕು.

ನಮ್ಮ ದೇಶದಲ್ಲಿ ಈ ಆಟವಿಲ್ಲವೆಂದು ತಿಳಿಯಬೇಡಿರಿ. ಹನ್ನೊಂದು ಸಾವಿರ ಅಡಿಗೂ ಮಿಕ್ಕ ಎತ್ತರದಲ್ಲಿರುವ ಲಡಾಖದ ಲೇಹ್ ಊರಿನಲ್ಲಿ ಚಳಿಗಾಲದ ಎರಡು ತಿಂಗಳು ಕೊಳಗಳು ತಾವಾಗಿಯೇ ಹೆಪ್ಪುಗಟ್ಟುವವು. ಅಲ್ಲಿಯ ತರುಣರೂ ನಮ್ಮ ಸೈನಿಕರೂ ಅವುಗಳ ಮೇಲೆ ಆಡುತ್ತ ಬಂದಿದ್ದಾರೆ. ೧೯೮೯ರಲ್ಲಿ ಭಾರತವು ಈ ಆಟದ ಅಂತರರಾಷ್ಟ್ರೀಯ ಒಕ್ಕೂಟವನ್ನು ಸೇರಿತು. ೨೦೦೯ರಲ್ಲಿ ನಮ್ಮ ಪುರುಷರ ತಂಡವು ಅಬುಧಾಬಿಯಲ್ಲಿ ಮೊದಲನೆಯ ಅಂತರರಾಷ್ಟ್ರೀಯ ಪಂದ್ಯಾವಳಿಯನ್ನಾಡಿತು. ಹೆಣ್ಣುಮಕ್ಕಳ ತಂಡವಂತೂ ೨೦೨೫ರಲ್ಲಿ ಏಷ್ಯಾ ಕಪ್ ಪಂದ್ಯಾವಳಿಯಲ್ಲಿ ಕಂಚಿನ ಪದಕವನ್ನು ತಂದಿತು. ವರ್ಷಕ್ಕೆ ಎರಡೇ ತಿಂಗಳು ದೊರೆಯುವ ಅಂಗಳವನ್ನು ನೆಚ್ಚಿಕೊಂಡು ಉಳಿದ ಹತ್ತು ತಿಂಗಳು ಕಾಯುವ ಆ ಮಕ್ಕಳ ಶ್ರದ್ಧೆಯನ್ನು ಏನೆನ್ನಬೇಕು!

ಹುಲ್ಲಿನ ಮೇಲಣ ಹಾಕಿಯಾದರೋ ನಮ್ಮ ನಾಡಿಗೆ ತವರಿನ ಆಟ. ಕೊಡಗಿನಲ್ಲಿ ೧೯೯೭ರಿಂದ ಮನೆತನ ಮನೆತನಗಳೇ ತಂಡ ಕಟ್ಟಿ ಆಡುವ ಉತ್ಸವ ನಡೆಯುತ್ತ ಬಂದಿದೆ. ಮೊದಲ ವರ್ಷ ೬೦ ಮನೆತನಗಳಿದ್ದವು, ೨೦೨೪ರಲ್ಲಿ ೩೬೦ ಆದವು. ಇಲ್ಲಿ ೧೯೮೦ನೆಯ ಇಸವಿಯ ಒಂದು ಸೋಜಿಗವನ್ನು ಹೇಳದಿರಲಾರೆವು. ಆ ವರ್ಷ ಫೆಬ್ರುವರಿ ೨೨ರಂದು, ಕಾರ್ನೆಲ್ ಹುಡುಗರು ಹತ್ತು ವರ್ಷ ಹಿಂದೆ ಗೆದ್ದ ಅದೇ ಲೇಕ್ ಪ್ಲಾಸಿಡ್ ಊರಿನಲ್ಲಿ, ಬಹುಮಟ್ಟಿಗೆ ಕಾಲೇಜು ಹುಡುಗರಿಂದಲೇ ಕೂಡಿದ ಅಮೇರಿಕೆಯ ತಂಡವು ಅಜೇಯವೆನಿಸಿದ್ದ ಸೋವಿಯತ್ ತಂಡವನ್ನು ೪–೩ರಿಂದ ಸೋಲಿಸಿ, ಮುಂದೆ ಒಲಿಂಪಿಕ್ ಚಿನ್ನವನ್ನೂ ಪಡೆಯಿತು. ಅದೇ ವರ್ಷ ಜುಲೈ ೨೯ರಂದು ಮಾಸ್ಕೋದಲ್ಲಿ, ಹಲವು ರಾಷ್ಟ್ರಗಳು ಬಹಿಷ್ಕರಿಸಿದ್ದ ಒಲಿಂಪಿಕ್ಕಿನಲ್ಲಿ, ಭಾರತದ ಹಾಕಿ ತಂಡವು ಸ್ಪೇನನ್ನು ಅದೇ ೪–೩ ಗೋಲುಗಳಿಂದ ಸೋಲಿಸಿ ಚಿನ್ನ ತಂದಿತು. ಆ ತಂಡದಲ್ಲಿ ಕೊಡಗಿನ ಎಂ. ಎಂ. ಸೋಮಯ್ಯನವರಿದ್ದರು. ಅದೇ ೧೯೮೦ರಲ್ಲಿಯೇ, ಧಾರವಾಡದ ವಿಶ್ವವಿದ್ಯಾಲಯದ ಒಂದು ಕೇಂದ್ರವಾಗಿದ್ದ ನಮ್ಮ ಕಲಬುರಗಿಯ ವಿದ್ಯಾಸ್ಥಾನವು ಗುಲಬರ್ಗಾ ವಿಶ್ವವಿದ್ಯಾಲಯವೆಂದು ಸ್ವತಂತ್ರವಾಯಿತು. ನಮ್ಮ ಸೀಮೆಯ ಹುಡುಗರು ಪದವಿಗಾಗಿ ದೂರದ ಊರಿನ ಮುಖ ನೋಡುವ ಕಾಲ ಅಲ್ಲಿಗೆ ಮುಗಿಯಿತು. ಮನೆಯ ಹತ್ತಿರ ಓದು ಬಂದಂತೆ ಮನೆಯ ಹತ್ತಿರ ಆಟವೂ ಬಂದರೆ ಅದನ್ನು ನಾವು ಶಾಪವೆಂದು ತಿಳಿಯಬೇಕೇಕೆ?

ವಾರ ಕಳೆದ ಬಳಿಕ ನಾವು ಕಮಲಾಪುರಕ್ಕೆ ಹೋಗಿ ಸ್ನೇಹಿತರೊಡನೆ ತೋಟದಲ್ಲಿಯೇ ಮಾತನಾಡಿದೆವು. ಕಾರ್ನೆಲ್ಲಿನ ಕಥೆಯನ್ನೆಲ್ಲ ಹೇಳಿ ಮೂರು ಮಾತು ಮುಂದಿಟ್ಟೆವು. ಮೊದಲನೆಯದು, ಹಂಗಾಮು ಆರಂಭವಾಗಿರುವದರಿಂದ ಈ ವರ್ಷ ಬಿಡಿಸುವದು ಬೇಡ. ಬೇಡವಾದರೆ ಮುಂದಿನ ವರ್ಷ ತಂಡ ಕಟ್ಟುವ ಮೊದಲೇ ಹೇಳಿರಿ. ಎರಡನೆಯದು, ದಿನಕ್ಕೆ ಇಷ್ಟು ತಾಸು ಓದುವೆನೆಂದು ಹುಡುಗನಿಂದಲೇ ಮಾತು ಪಡೆಯಿರಿ, ವಾರಕ್ಕೊಮ್ಮೆ ಲೆಕ್ಕ ಕೇಳಿರಿ. ಮೂರನೆಯದು, ಅವನು ಕೂಡ್ರುವ ಆ ಬೆಂಚನ್ನು ಒಂದು ಸಲ ನೀವೇ ಕಣ್ಣಾರೆ ನೋಡಿರಿ.

ಮೊದಲೆರಡಕ್ಕೆ ಅವರು ಗೊಣಗುತ್ತ ಒಪ್ಪಿದರು. ಮೂರನೆಯದಕ್ಕೆ ಉತ್ತರ ಕೊಡಲಿಲ್ಲ. ಗಾಳಿಗೆ ವಾಲಿದ್ದ ಬಾಳೆಯ ಗಿಡಕ್ಕೆ ಕೊಟ್ಟ ಊರುಗೋಲನ್ನು ಸರಿಪಡಿಸುತ್ತ ನಿಂತುಬಿಟ್ಟರು.

ಫೆಬ್ರುವರಿಯ ಒಂದು ಬೆಳಿಗ್ಗೆ ಕಲಬುರಗಿಯಲ್ಲಿ ಪಂದ್ಯವಿತ್ತು. ಮೊರಂ ಹಾಸಿದ ಗಟ್ಟಿ ಅಂಗಳ. ಓಡಿದವನ ಹಿಂದೆ ಕೆಂಧೂಳು ಏಳುತ್ತಿತ್ತು. ನಾವು ಹೋಗುವಷ್ಟರಲ್ಲಿ ಸ್ನೇಹಿತರು ಬೇವಿನ ಗಿಡದ ನೆರಳಿನಲ್ಲಿ, ಕಾಲ ಬಳಿ ಎರಡು ಬಾಳೆಯ ಗೊನೆಗಳನ್ನಿಟ್ಟುಕೊಂಡು ಕುಳಿತಿದ್ದರು. ಹುಡುಗನು ಬೆಂಚಿನ ಮೇಲಿದ್ದನು. ಮೂರು ಸರತಿಗಳು ಮುಗಿಯುವವರೆಗೂ ಅವನನ್ನು ಕರೆಯಲಿಲ್ಲ. ಆದರೆ ಅವನು ಸುಮ್ಮನೆ ಕುಳಿತಿರಲಿಲ್ಲ. ಒಳಗಿನವರಿಗೆ ಎದುರಾಳಿಯ ಸುಳಿವನ್ನು ಕೂಗಿ ಹೇಳುತ್ತಿದ್ದನು, ದಣಿದು ಬಂದವರಿಗೆ ನೀರು ಕೊಡುತ್ತಿದ್ದನು, ಮುರಿದ ಕೋಲಿನ ಬದಲು ತನ್ನ ಕೋಲನ್ನೇ ಒಬ್ಬನಿಗೆ ಕೊಟ್ಟನು. ಕೊನೆಯ ಸರತಿಯಲ್ಲಿ ಅವನನ್ನು ಒಳಗೆ ಕಳುಹಿದರು. ಬಂದ ಮೂರನೆಯ ಮಿನಿಟಿನಲ್ಲಿಯೇ ಚೆಂಡು ಅವನ ಕೋಲಿನಡಿಯಿಂದ ನುಸುಳಿತು. ಅದರಿಂದಲೇ ಎದುರಾಳಿಗಳ ಎರಡನೆಯ ಗೋಲಾಯಿತು. ಅವನು ಒಂದು ಕ್ಷಣ ನಿಂತು, ಮತ್ತೆ ತನ್ನ ಸ್ಥಾನಕ್ಕೆ ಓಡಿದನು. ಆಮೇಲೆ ಆಟ ಮುಗಿಯುವವರೆಗೆ ಆ ಕಡೆಯಿಂದ ಯಾರನ್ನೂ ಬಿಟ್ಟುಕೊಡಲಿಲ್ಲ. ಅವನ ತಂಡವು ೨–೧ರಿಂದ ಸೋತಿತು. ಮೊದಲನೆಯ ಸುತ್ತಿನಲ್ಲಿಯೇ ಅವರ ಹಂಗಾಮು ಮುಗಿಯಿತು.

ಸ್ನೇಹಿತರು ಎದ್ದು ಹೋಗಿ ಎರಡೂ ಪಕ್ಷದ ಹುಡುಗರಿಗೆ ಹಣ್ಣು ಹಂಚಿದರು. ಮಗನಿಗೆ ಏನೂ ಹೇಳಲಿಲ್ಲ. ದಾರಿಯಲ್ಲಿ ನಮ್ಮೊಡನೆ ಮಾತ್ರ, “ತಪ್ಪು ಮಾಡಿದ, ಖರೆ ಅದ. ಆದ್ರ ಮಾರಿ ಮುಚ್ಚಿಕೊಂಡು ನಿಂದರ್ಲಿಲ್ಲ ನೋಡ್ರಿ ಅಣ್ಣಾರ,” ಎಂದರು. ಸ್ವಲ್ಪ ಹೊತ್ತಾದ ಮೇಲೆ, “ನಂಗ ಅವನ ವಯಸ್ಸಿನ್ಯಾಗ ಅದು ಬರ್ತಿರ್ಲಿಲ್ಲ,” ಎಂದು ಕೂಡಿಸಿದರು.

ಪರೀಕ್ಷೆಯ ಫಲಿತಾಂಶವನ್ನೂ ಮರೆಮಾಚದೆ ಹೇಳಬೇಕು. ಹುಡುಗನು ಎಲ್ಲ ವಿಷಯಗಳಲ್ಲಿ ಉತ್ತೀರ್ಣನಾದನು. ಒಂದು ವಿಷಯದಲ್ಲಿ ಹಿಂದಿಗಿಂತ ಕಡಿಮೆ ಅಂಕಗಳು ಬಂದವು. ತಂದೆಯು ಗದರಿಸಿದರು. ಆದರೆ ಕೋಲನ್ನು ಅಟ್ಟದ ಮೇಲೆ ಎಸೆಯಲಿಲ್ಲ. ಅಜ್ಜಿಯು ಆ ದಿನ ಕೇಳಿದ್ದು ಬೇರೆಯೇ: “ಆ ಬರ್ಫಿನ ಮ್ಯಾಲ ಆಡೋ ಮಂದಿ ಗೆದ್ದರೇನೋ ತಮ್ಮಾ?” ಹುಡುಗನು, “ಅವರು ಗೆದ್ದರು ಆಯಿ, ನಾವು ಸೋತ್ವಿ,” ಎಂದನು. “ಇರ್ಲಿ ಬಿಡು, ಕೈಕಾಲು ತೊಳ್ಕೋ, ಉಣ್ಣಾಕ ಬಾ,” ಎಂದರು ಆ ಹಿರಿಯರು. ನಾವು ಒಂದು ವಾರ ಓದಿ ಹೇಳಿದ ಬುದ್ಧಿಗಿಂತ ಈ ಮಾತೇ ಹೆಚ್ಚಿನದೆಂದು ನಮಗೆ ತೋರಿತು.

ಗೃಹಸ್ಥರಾದ ವಾಚಕರಲ್ಲಿ ನಮ್ಮ ಅರಿಕೆ ಇಷ್ಟೇ. ಮಗನಾಗಲಿ ಮಗಳಾಗಲಿ ಒಂದು ತಂಡಕ್ಕೆ ಸೇರುವದೆಂದರೆ ಹತ್ತು ಮಂದಿಗೆ ಮಾತು ಕೊಟ್ಟಂತೆ. ಮನೆಯ ಸ್ಥಿತಿ, ಓದು, ಆರೋಗ್ಯ ಇವುಗಳನ್ನು ನೋಡಿ ಬೇಡವೆನ್ನುವ ಅಧಿಕಾರ ಹಿರಿಯರಿಗುಂಟು. ಆದರೆ ಅದಕ್ಕೆ ಬಿತ್ತುವ ಮೊದಲಿನ ಕಾಲವೇ ತಕ್ಕದ್ದು. ಬಿತ್ತಿದ ಮೇಲೆ ಕಳೆ ಕೀಳಬೇಕಲ್ಲದೆ ಪೈರನ್ನು ಕೀಳಲಾಗದು. ನಡುವೆ ಬಿಡಿಸಿಕೊಂಡು ಬಂದ ಹುಡುಗನಿಗೆ ಒಂದೂವರೆ ತಿಂಗಳ ಓದು ಉಳಿದೀತು, ಆದರೆ ಕೈಹಿಡಿದ ಕೆಲಸವನ್ನು ಕಷ್ಟ ಬಂದಾಗ ಬಿಡಬಹುದೆಂಬ ಪಾಠವು ಅವನಿಗೆ ಜೀವಮಾನವೆಲ್ಲ ಉಳಿದೀತು. ಆಟದ ಹಂಗಾಮು ಗೆಲುವಿನಿಂದ ಮುಗಿಯಲಿ, ಸೋಲಿನಿಂದ ಮುಗಿಯಲಿ, ಅದು ಮುಗಿಯುವವರೆಗೆ ನಮ್ಮ ಮಕ್ಕಳು ಅಲ್ಲಿಯೇ ಇರುವಂತೆ ನೋಡಿಕೊಳ್ಳೋಣ. ಸಾಧ್ಯವಾದರೆ ಒಂದು ದಿನ ಬಿಡುವು ಮಾಡಿಕೊಂಡು, ಬೇವಿನ ನೆರಳಿನಲ್ಲಿ ನಾವೂ ಹೋಗಿ ಕುಳಿತುಕೊಳ್ಳೋಣ.